ಹಳೆ ಸ್ಪ್ಲೆಂಡರಿಗೆ ಎಷ್ಟು ಗಟ್ಟಿ ಆಯಿಲ್?

ಪ್ರಶ್ನೆ: ನನ್ನದು 2006ರ ಸ್ಪ್ಲೆಂಡರ್ ಪ್ಲಸ್. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ನೀಲಿ ಹೊಗೆ ಬಂದು ಆಮೇಲೆ ನಿಲ್ಲುತ್ತದೆ. ‘ಗಾಡಿ ಹಳೇದು, ನಮ್ಮ ಬಿಸಿಲಿಗೆ 20ಡಬ್ಲ್ಯು-50 ಹಾಕಿ’ ಅನ್ನುತ್ತಾರೆ ಮೆಕ್ಯಾನಿಕ್. ಮನೆಯಲ್ಲಿ ಟ್ರ್ಯಾಕ್ಟರಿಗೆ ತಂದ 15ಡಬ್ಲ್ಯು-40 ಕೂಡ ಉಳಿದಿದೆ. ಯಾವುದು ಹಾಕಲಿ?
– ಓದುಗರು, ಜೇವರ್ಗಿ

ಉತ್ತರ: ಟ್ರ್ಯಾಕ್ಟರಿನದು ಟ್ರ್ಯಾಕ್ಟರಿಗೇ ಇರಲಿ ಬಿಡಿ. ನಿಮ್ಮ ಬೈಕಿನಲ್ಲಿ ಕ್ಲಚ್ ಪ್ಲೇಟು, ಗೇರು ಎಲ್ಲವೂ ಅದೇ ಇಂಜಿನ್ ಆಯಿಲಿನಲ್ಲಿ ಮುಳುಗಿರುತ್ತವೆ. ಒಗ್ಗದ ಆಯಿಲ್ ಬಿದ್ದರೆ ಕ್ಲಚ್ ಸ್ಲಿಪ್ ಆಗಬಹುದು. ಡಬ್ಬಿಯ ಮೇಲೆ ‘ಜಾಸೋ ಎಂಎ’ ಅಥವಾ ‘ಎಂಎ2’ (ಇಂಥ ಕ್ಲಚ್ಚಿಗೆ ಒಗ್ಗುವ ಆಯಿಲ್ ಎಂಬ ಗುರುತು) ಎಂದಿದೆಯೇ ನೋಡಿ ತಗೊಳ್ಳಿ.

ಈಗ ನಂಬರಿನ ಮಾತು. ನಿಮ್ಮ ಗಾಡಿಗೆ ಕಂಪನಿ ಹೇಳಿದ್ದು 10ಡಬ್ಲ್ಯು-30, ಅದನ್ನೇ ಹಾಕಿ. ಮೊದಲ ಅಂಕಿ ಚಳಿಯಲ್ಲಿ ಹರಿಯುವ ಗುಣದ್ದು, ಚಿಕ್ಕದಾದಷ್ಟೂ ಸಲೀಸು. ಎರಡನೆಯದು 100 ಡಿಗ್ರಿ ಬಿಸಿಯಲ್ಲಿ ಎಷ್ಟು ಗಟ್ಟಿ ಉಳಿಯುತ್ತದೆ ಎಂಬುದಕ್ಕೆ. ಲೆಕ್ಕ ಹಾಕಿರುವುದೇ 100 ಡಿಗ್ರಿಗೆ, ಅಲ್ವಾ? ನಮ್ಮ 42 ಡಿಗ್ರಿ ಬಿಸಿಲು ನಮ್ಮ ತಲೆಗೆ ಜಾಸ್ತಿ, ಇಂಜಿನ್ನಿಗೆ ಅಷ್ಟಲ್ಲ. ಆದರೂ ನಿಮ್ಮದು ಗಾಳಿಯಿಂದಲೇ ತಣ್ಣಗಾಗುವ ಇಂಜಿನ್. ಏಪ್ರಿಲ್, ಮೇ ತಿಂಗಳಲ್ಲಿ ತೊಗರಿ ಚೀಲ ಹೇರಿಕೊಂಡು, ಹಿಂದೆ ಒಬ್ಬರನ್ನೂ ಕೂರಿಸಿಕೊಂಡು ಓಡಾಡುವವರು 20ಡಬ್ಲ್ಯು-40 ಹಾಕಿದರೆ ನನ್ನ ತಕರಾರಿಲ್ಲ. 50 ಮಾತ್ರ ಬೇಡ. ವಾಲ್ವ್ ತೆರೆಯುವ ಕ್ಯಾಮ್ ಇರುವುದು ಮೇಲೆ, ಇಂಜಿನ್ ಹೆಡ್ಡಿನಲ್ಲಿ. ಬೆಳಿಗ್ಗೆ ಗಟ್ಟಿ ಆಯಿಲ್ ಅಲ್ಲಿಗೆ ಏರುವುದು ತಡ. ಪಿಕಪ್ಪೂ ಮೈಲೇಜೂ ಕೊಂಚ ಇಳಿಯುತ್ತವೆ.

ಅಸಲಿಗೆ ನಿಮ್ಮ ಹೊಗೆಗೂ ನಂಬರಿಗೂ ಸಂಬಂಧ ಕಮ್ಮಿ. ಸ್ಟಾರ್ಟ್ ಆದಾಗ ಬಂದು ನಿಲ್ಲುವ ನೀಲಿ ಹೊಗೆ ಸಾಮಾನ್ಯವಾಗಿ ವಾಲ್ವ್ ಸೀಲಿನದು. ಸೀಲಿನ ರಬ್ಬರ್ ಗಟ್ಟಿಯಾಗಿ ರಾತ್ರಿಯೆಲ್ಲ ಆಯಿಲ್ ಸಿಲಿಂಡರಿನ ಒಳಗೆ ಜಿನುಗಿರುತ್ತದೆ. ಸೀಲ್ ಬದಲಿಸಿ ನೋಡಿ. ಓಡುವಾಗ ಆಕ್ಸಿಲರೇಟರ್ ತಿರುವಿದಾಗಲೆಲ್ಲ ಹೊಗೆ ಬಂದರೆ ಆಗ ಪಿಸ್ಟನ್ ರಿಂಗು, ಸಿಲಿಂಡರ್ ಬೋರು ನೋಡಿಸಬೇಕು. ಗಟ್ಟಿ ಆಯಿಲ್ ಹೊಗೆಯನ್ನು ಸ್ವಲ್ಪ ದಿನ ಮುಚ್ಚಿಡುತ್ತದೆ, ಅಷ್ಟೇ. ಹಳೆ ಗಾಡಿ ಮಾರುವವರಿಗೆ ಈ ಉಪಾಯ ಚೆನ್ನಾಗಿ ಗೊತ್ತು!

ಸೀಲ್ ಹಾಕಿಸುವ ತನಕ ವಾರಕ್ಕೊಮ್ಮೆ ಆಯಿಲ್ ಮಟ್ಟ ನೋಡುತ್ತಿರಿ. ಇಂಜಿನ್ ಆಫ್ ಮಾಡಿ ಎರಡು ಮೂರು ನಿಮಿಷ ಬಿಡಿ. ನಡು ಸ್ಟ್ಯಾಂಡ್ ಹಾಕಿ, ಆಯಿಲ್ ಮುಚ್ಚಳಕ್ಕಿರುವ ಅಳತೆ ಕಡ್ಡಿ ಒರೆಸಿ, ತಿರುಪದೆ ಸುಮ್ನೆ ಒಳಗಿಟ್ಟು ತೆಗೆಯಿರಿ. ಕೆಳಗಿನ ಗೆರೆಗೆ ಬಂದಿದ್ದರೆ ಈಗ ಒಳಗಿರುವ ನಂಬರಿನ ಆಯಿಲನ್ನೇ ಇನ್ನೂ ಸ್ವಲ್ಪ ಸೇರಿಸಿ. ಮೇಲಿನ ಗೆರೆ ದಾಟಿಸಬೇಡಿ.