ದಿಗಿಲು ಬೇರೆ, ದಿಗುಲು ಬೇರೆ

ಯಾರನ್ನಾದರೂ ತಲೆ ಕೆಟ್ಟವನೆಂದು ಹಂಗಿಸಬೇಕಾದರೆ ಹುಬ್ಬಳ್ಳಿ ಕಡೆಯವರು ‘ಇವನ್ನ ಧಾರವಾಡಕ್ಕ ಕಳಸ್ರಿ’ ಎನ್ನುತ್ತಾರೆ. ಬೆಂಗಳೂರಿನವರ ಬಾಯಲ್ಲಿ ಬರುವುದು ನಿಮ್ಹಾನ್ಸ್, ಅಂದರೆ ಅಲ್ಲಿನ ರಾಷ್ಟ್ರೀಯ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ. ಹೈದರಾಬಾದಿನವರಿಗೆ ಅಲ್ಲಿನ ಮಾನಸಿಕ ಆಸ್ಪತ್ರೆಯಿರುವ ಎರ್ರಗಡ್ಡ. ನಮ್ಮ ಬಳ್ಳಾರಿಯಲ್ಲಿ ಈ ಮೂರೂ ಕೇಳಸಿಗುತ್ತವೆ. ಮನಸ್ಸಿನ ಕಾಯಿಲೆಗೆ ನಿಮ್ಮ ಕಡೆ ಎಲ್ಲಿಗೆ ಹೋಗುತ್ತಾರೆ, ಕಲಿಸುವವರು ಯಾರು, ಸಂಶೋಧನೆ ಮಾಡುವವರು ಯಾರು ಎಂದು ಕೇಳಿದಿರಲ್ಲ, ಅರ್ಧ ಉತ್ತರ ಆ ಹಂಗಿನ ಮಾತಿನಲ್ಲೇ ಇದೆ. ಬೆಂಗಳೂರು ಇಲ್ಲಿಂದ ಸುಮಾರು 300 ಕಿಲೋಮೀಟರ್. ಧಾರವಾಡ ಅದಕ್ಕಿಂತ ಹತ್ತಿರ, ಹೈದರಾಬಾದ್ ಅದಕ್ಕಿಂತ ದೂರ. ಯಾವುದೂ ಬೆಳಿಗ್ಗೆ ಹೋಗಿ ಸಂಜೆಗೆ ನಿರಾಳವಾಗಿ ಮರಳುವ ಊರಲ್ಲ.

ಇಲ್ಲಿನ ಗಡಿ ಬಹಳ ಹಳೆಯದೂ ಅಲ್ಲ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರು ರಾಜ್ಯಕ್ಕೆ ಬಂದಾಗ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದವು. ಗೆರೆ ಎಳೆದದ್ದು ಕಾಗದದ ಮೇಲೆ. ಮದುವೆ, ಸಂತೆ, ಆಸ್ಪತ್ರೆಯ ಹಾದಿಗಳು ಮೊದಲಿನಂತೆಯೇ ಉಳಿದವು. ಹಾಗಾಗಿ ವಿಮ್ಸ್ ಎಂದೇ ಜನ ಕರೆಯುವ ನಮ್ಮ ಸರ್ಕಾರಿ ವೈದ್ಯಕೀಯ ಕಾಲೇಜಿನ ಮನೋವೈದ್ಯ ವಿಭಾಗದ ಮುಂದೆ ನಿಂತರೆ ಕನ್ನಡ, ತೆಲುಗು, ಉರ್ದು, ಲಂಬಾಣಿ ನಾಲ್ಕೂ ಕಿವಿಗೆ ಬೀಳುತ್ತವೆ.

ಹೊರಗಿನವರಿಗೆ ಹೆಚ್ಚು ಗೊತ್ತಿಲ್ಲದ ಸಂಗತಿ ಒಂದಿದೆ. ಇವತ್ತು ದೇಶದಲ್ಲೆಲ್ಲ ಇರುವ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಅಚ್ಚು ತಯಾರಾದದ್ದು ಬಳ್ಳಾರಿ ಜಿಲ್ಲೆಯಲ್ಲೇ. ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ 1982ರಲ್ಲಿ ಬಂತು. ಅದನ್ನು ಒಂದು ಇಡೀ ಜಿಲ್ಲೆಯಲ್ಲಿ ನಡೆಸಿ ತೋರಿಸಬೇಕಿತ್ತು. ಆನೇಕಲ್ ಹತ್ತಿರದ ಸಕಲವಾರದಲ್ಲಿ ಹಳ್ಳಿ ಮಟ್ಟದ ಕೆಲಸ ಮಾಡಿ ನೋಡಿದ್ದ ನಿಮ್ಹಾನ್ಸ್, 1985ರಿಂದ 1990ರವರೆಗೆ ಸುಮಾರು 20 ಲಕ್ಷ ಜನರಿದ್ದ ಬಳ್ಳಾರಿ ಜಿಲ್ಲೆಯಲ್ಲಿ ಅದನ್ನೇ ದೊಡ್ಡದಾಗಿ ಮಾಡಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ಎರಡು ವಾರ, ಆರೋಗ್ಯ ಕಾರ್ಯಕರ್ತರಿಗೆ ಒಂದು ವಾರ ತರಬೇತಿ. ಔಷಧಿ ಆರೇ ಆರು: ಸೈಕೋಸಿಸ್‌ಗೆ (ಭ್ರಮೆ ಹಿಡಿದು ವಾಸ್ತವದ ಅರಿವು ತಪ್ಪುವ ಕಾಯಿಲೆಗೆ) ಕ್ಲೋರ್‌ಪ್ರೊಮಜಿನ್ ಮತ್ತು ಫ್ಲುಫೆನಜಿನ್ ಡೆಕನೊಯೇಟ್ ಚುಚ್ಚುಮದ್ದು, ಅವುಗಳ ಅಡ್ಡಪರಿಣಾಮಕ್ಕೆ ಟ್ರೈಹೆಕ್ಸಿಫೆನಿಡಿಲ್, ಖಿನ್ನತೆಗೆ ಅಮಿಟ್ರಿಪ್ಟಿಲಿನ್, ಮೂರ್ಛೆಗೆ ಫಿನೊಬಾರ್ಬಿಟೋನ್ ಮತ್ತು ಫೆನಿಟಾಯಿನ್. ಇದರ ಜೊತೆಗೆ ಸರಳವಾದ ರೋಗಿ ದಾಖಲೆ, ತಿಂಗಳ ವರದಿ, ಜಿಲ್ಲಾ ತಂಡದ ಮೇಲ್ವಿಚಾರಣೆ. 1996ರಲ್ಲಿ ಕೇಂದ್ರ ಸರ್ಕಾರ ನಾಲ್ಕು ಜಿಲ್ಲೆಗಳಲ್ಲಿ ಶುರು ಮಾಡಿದ ಕಾರ್ಯಕ್ರಮ ಇದೇ ಅಚ್ಚಿನದು. ‘ಬಳ್ಳಾರಿ ಮಾದರಿ’ ಎಂದು ಪಠ್ಯಗಳಲ್ಲಿ ಓದುವ ವಿದ್ಯಾರ್ಥಿಗೆ ಊರು ಗೊತ್ತಿರುತ್ತದೆ, ಊರಿನ ಎಷ್ಟೋ ಜನಕ್ಕೆ ಮಾದರಿ ಗೊತ್ತಿಲ್ಲ.

ಮಾದರಿ ಎಲ್ಲಿ ಸೊರಗುತ್ತದೆ ಎಂಬುದೂ ಗುಟ್ಟೇನಲ್ಲ. ತರಬೇತಿ ಪಡೆದ ವೈದ್ಯರಿಗೆ ವರ್ಗವಾಗುತ್ತದೆ, ಬಂದ ಹೊಸಬರಿಗೆ ತರಬೇತಿ ಆಗಿರುವುದಿಲ್ಲ. ಮಾತ್ರೆಯ ದಾಸ್ತಾನು ಒಮ್ಮೆ ಮುಗಿದರೆ ಎರಡು ಸಲ ಬರಿಗೈಯಲ್ಲಿ ಮರಳಿದ ರೋಗಿ ಮೂರನೇ ಸಲ ಬರುವುದಿಲ್ಲ. ಈ ಕೊರತೆ ತುಂಬಲೆಂದೇ ಈಗ ನಿಮ್ಹಾನ್ಸ್ ಆನ್‌ಲೈನ್ ಮೂಲಕವೂ ಪ್ರಾಥಮಿಕ ಕೇಂದ್ರಗಳ ವೈದ್ಯರಿಗೆ ಕಲಿಸುತ್ತಿದೆ. ವೈದ್ಯರು ತಮ್ಮ ರೋಗಿಗಳನ್ನು ನೋಡುತ್ತಲೇ ಕಲಿಯುವ ಬಗೆ ಅದು. ಎರಡು ವಾರ ಕೂರಿಸಿ ಪಾಠ ಹೇಳುವುದಕ್ಕಿಂತ ಇದೇ ವಾಸಿ.

ಇನ್ನು ಹಾದಿ. ಹಳ್ಳಿಯಿಂದ ಹೊರಟವರು ಮೊದಲು ಹೋಗಬೇಕಾದದ್ದು ತಾಲ್ಲೂಕು ಆಸ್ಪತ್ರೆಗೆ, ಅದೂ ಮಂಗಳವಾರ. ಮನೋಚೈತನ್ಯ ಎಂಬ ರಾಜ್ಯದ ಕಾರ್ಯಕ್ರಮದಲ್ಲಿ ಮನೋವೈದ್ಯರು ತಾಲ್ಲೂಕುಗಳಿಗೆ ಬರುವುದು ಮಂಗಳವಾರವೇ. ಒಂದೇ ದಿನ ಎಲ್ಲ ತಾಲ್ಲೂಕಿಗೂ ಹೋಗಲಾಗದು, ನಿಮ್ಮ ತಾಲ್ಲೂಕಿನ ಸರದಿ ಯಾವಾಗ ಎಂದು ಆಶಾ ಕಾರ್ಯಕರ್ತೆಯ ಹತ್ತಿರ ಕೇಳಿಕೊಂಡೇ ಹೊರಡಬೇಕು. ಅಲ್ಲಿ ಆಗದ್ದು ಜಿಲ್ಲಾ ಕೇಂದ್ರಕ್ಕೆ, ಅಲ್ಲೂ ಬಗೆಹರಿಯದ್ದು ನಿಮ್ಹಾನ್ಸ್‌ಗೆ ಅಥವಾ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆಯಾದ ಡಿಮ್ಹಾನ್ಸ್‌ಗೆ. ಬೆಂಗಳೂರಿಗೆ ಹೋಗುವವರು ಹೆಚ್ಚಾಗಿ ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತುತ್ತಾರೆ. ಆ ರೈಲು ಗುಂತಕಲ್ಲು ಸುತ್ತಿಕೊಂಡು ಹೋಗುತ್ತದೆ, ಅಂದರೆ ಕರ್ನಾಟಕದ ಊರಿನಿಂದ ಕರ್ನಾಟಕದ ರಾಜಧಾನಿಗೆ ಹೋಗಲು ಆಂಧ್ರವನ್ನು ದಾಟಬೇಕು.

ಮೊದಲ ಭೇಟಿಗೆ ರೋಗಿಯ ಜೊತೆ ಬರಬೇಕಾದವರು ಮನೆಯ ಯಜಮಾನರೇ ಆಗಬೇಕಿಲ್ಲ, ರೋಗಿ ಮಲಗುವ ಕೋಣೆಯಲ್ಲೇ ಮಲಗುವವರು ಬೇಕು. ಎಷ್ಟು ರಾತ್ರಿಯಿಂದ ನಿದ್ದೆಯಿಲ್ಲ, ಊಟ ಯಾವಾಗ ಬಿಟ್ಟರು, ಒಬ್ಬರೇ ಮಾತಾಡುವುದು ಎಂದು ಶುರುವಾಯಿತು ಎಂಬುದಕ್ಕೆ ದಿನ ಲೆಕ್ಕ ಹೇಳಬಲ್ಲವರು ಅವರೇ. ಹಳೆಯ ಚೀಟಿ ಕಳೆದಿದ್ದರೂ ಚಿಂತೆಯಿಲ್ಲ, ಖಾಲಿ ಮಾತ್ರೆ ಪಟ್ಟಿಗಳನ್ನು ಎಸೆಯದೆ ತನ್ನಿ.

ಮಾತಿನ ವಿಷಯಕ್ಕೆ ಬರೋಣ. ಹೊಸ ವೈದ್ಯರು, ಆಪ್ತಸಮಾಲೋಚಕರು ಎಡವುವುದು ಇಲ್ಲೇ. ಕನ್ನಡದಲ್ಲಿ ‘ದಿಗಿಲು’ ಎಂದರೆ ಹೆದರಿಕೆ. ತೆಲುಗು ಮನೆಮಾತಿನವರು ‘ದಿಗುಲು’ ಎಂದರೆ ಅದು ಹೆಚ್ಚಾಗಿ ಕೊರಗು, ಚಿಂತೆ. ಮೈಸೂರು ಕಡೆಯಿಂದ ಬಂದವರೊಬ್ಬರು ಅದನ್ನು ಕೇಳಿ ಆತಂಕದ ಕಾಯಿಲೆ ಎಂದು ಬರೆದುಕೊಂಡರೆ, ಎದುರಿಗೆ ಕೂತ ಹೆಂಗಸಿಗೆ ಖಿನ್ನತೆ ಇದ್ದೀತು. ‘ಗಾಳಿ ಸೋಕೈತಿ’ ಎಂಬುದೂ ಹಾಗೆಯೇ. ಅದು ರೋಗದ ಹೆಸರಲ್ಲ, ಮನೆಯವರು ಕೊಟ್ಟುಕೊಂಡ ಕಾರಣ. ಅದರೊಳಗೆ ಮೂರ್ಛೆ ಇರಬಹುದು, ಬಾಣಂತಿಯ ಸನ್ನಿ ಇರಬಹುದು, ಬರೀ ಬಳಲಿಕೆಯೂ ಇರಬಹುದು. ‘ಗಾಳಿಗೀಳಿ ಇಲ್ಲ’ ಎಂದು ವಾದಕ್ಕೆ ನಿಂತರೆ ಅವರು ಎದ್ದು ಹೋಗುತ್ತಾರೆ. ‘ಸೋಕಿದ ಮೇಲೆ ಏನೇನಾಯಿತು?’ ಎಂದು ಕೇಳಿದರೆ ಇಡೀ ಚರಿತ್ರೆ ಹೊರಬರುತ್ತದೆ. ಗಾಣಗಾಪುರದ ದತ್ತನ ಗುಡಿಗೋ ದರ್ಗಾಕ್ಕೋ ಹೋಗಿ ಬರುತ್ತೇವೆ ಎಂದರೆ ಹೋಗಲಿ, ಮಾತ್ರೆಯ ಪಟ್ಟಿ ಜೊತೆಗಿರಲಿ, ಸರಪಳಿ ಮಾತ್ರ ಬೇಡ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ಮಾನಸಿಕ ಕಾಯಿಲೆಯವರನ್ನು ಯಾವ ರೂಪದಲ್ಲೂ ಸರಪಳಿಯಿಂದ ಬಿಗಿಯುವಂತಿಲ್ಲ. 2001ರಲ್ಲಿ ತಮಿಳುನಾಡಿನ ಏರ್ವಾಡಿಯಲ್ಲಿ ಬೆಂಕಿ ಬಿದ್ದಾಗ ಸರಪಳಿಯಲ್ಲಿದ್ದವರು ಓಡಲಾಗದೆ 28 ಮಂದಿ ಸತ್ತರು.

ಗಡಿಯಲ್ಲಿ ಮಾತ್ರೆ ಎರಡು ಬಗೆಯಲ್ಲಿ ತಪ್ಪುತ್ತದೆ. ಒಂದು, ಇಮ್ಮಡಿಯಾಗುವುದು. ಸೈಕೋಸಿಸ್‌ಗೆಂದು ಬಳ್ಳಾರಿಯಲ್ಲಿ ಉಚಿತವಾಗಿ ಕೊಟ್ಟ ರಿಸ್ಪೆರಿಡೋನ್ ಮಾತ್ರೆ ಒಂದು ಕಡೆ. ಆದೋನಿಯ ಖಾಸಗಿ ವೈದ್ಯರು ಬರೆದ ಬೇರೆ ಹೆಸರಿನ, ಬೇರೆ ಬಣ್ಣದ ಅದೇ ರಿಸ್ಪೆರಿಡೋನ್ ಇನ್ನೊಂದು ಕಡೆ. ಎರಡನ್ನೂ ನುಂಗಿದವನ ಕತ್ತು ಸೆಟೆದು, ಜೊಲ್ಲು ಸುರಿದು, ನಡಿಗೆ ಗೊಂಬೆಯಂತಾಗುತ್ತದೆ. ಮನೆಯವರು ‘ಮಾತ್ರೆಯಿಂದಲೇ ಹುಚ್ಚು ಹೆಚ್ಚಾಯಿತು’ ಎಂದು ಎರಡನ್ನೂ ನಿಲ್ಲಿಸಿಬಿಡುತ್ತಾರೆ. ಚೀಟಿಯಲ್ಲಿ ಕಂಪನಿ ಹೆಸರಿನ ಬದಲು ಔಷಧಿಯ ಮೂಲ ಹೆಸರನ್ನು ದೊಡ್ಡಕ್ಷರದಲ್ಲಿ ಬರೆಸಿಕೊಂಡರೆ ಇದು ತಪ್ಪುತ್ತದೆ. ಒಂದು ರಾಜ್ಯದ ವೈದ್ಯರ ಚೀಟಿ ಇನ್ನೊಂದು ರಾಜ್ಯದ ಅಂಗಡಿಯಲ್ಲೂ ನಡೆಯುತ್ತದೆ, ಉಚಿತ ಮಾತ್ರೆ ಮಾತ್ರ ನೋಂದಣಿ ಇರುವ ಸರ್ಕಾರಿ ಆಸ್ಪತ್ರೆಯಲ್ಲಿ.

ಎರಡನೆಯದು ನಡುವೆ ನಿಂತುಹೋಗುವುದು. ಮೆಣಸಿನಕಾಯಿ ಬಿಡಿಸಲು ಗುಂಟೂರು ಕಡೆಗೆ, ಕಟ್ಟಡ ಕೆಲಸಕ್ಕೆ ಬೆಂಗಳೂರಿಗೆ ಕುಟುಂಬ ಸಮೇತ ಹೋಗುವವರಿದ್ದಾರೆ. ಹೋಗುವ ಮುಂಚೆಯೇ ಎಷ್ಟು ವಾರ ಎಂದು ಹೇಳಿ ಅಷ್ಟಕ್ಕೂ ಮಾತ್ರೆ ಕೇಳಬೇಕು. ತಪ್ಪದೆ ನುಂಗುವುದು ಕಷ್ಟವಾದ ಸೈಕೋಸಿಸ್ ರೋಗಿಗಳಿಗೆ ಎರಡರಿಂದ ನಾಲ್ಕು ವಾರಕ್ಕೊಮ್ಮೆ ಕೊಡುವ ಫ್ಲುಫೆನಜಿನ್ ಚುಚ್ಚುಮದ್ದು ಈಗಲೂ ಕೈಹಿಡಿಯುತ್ತದೆ. ಖಿನ್ನತೆಯ ಮಾತ್ರೆಯಲ್ಲಿ ಬೇರೆ ತೊಡಕು. ಅದು ಕೆಲಸ ಮಾಡಲು ಎರಡರಿಂದ ನಾಲ್ಕು ವಾರ ಬೇಕು, ಆದರೆ ಹೊಟ್ಟೆ ತೊಳಸುವುದು, ತಲೆನೋವು ಮೊದಲ ವಾರದಲ್ಲೇ. ಗುಣ ಕಾಣುವ ಮೊದಲೇ ಬಿಡುವವರು ಅದಕ್ಕೇ ಹೆಚ್ಚು. ಗುಣವಾದ ಮೇಲೂ ಆರರಿಂದ ಒಂಬತ್ತು ತಿಂಗಳು ಮುಂದುವರಿಸಬೇಕು. ಮೂರ್ಛೆಯ ಫಿನೊಬಾರ್ಬಿಟೋನನ್ನು ಒಮ್ಮೆಲೇ ನಿಲ್ಲಿಸಿದರಂತೂ ಬಿಡದೆ ಫಿಟ್ಸ್ ಬಂದು ಜೀವಕ್ಕೇ ಕುತ್ತು.

ಲಿಥಿಯಂ ನಮ್ಮ ಬಿಸಿಲಿಗೆ ಹೊಂದುವ ಔಷಧಿಯಲ್ಲ, ಆದರೂ ಅತಿ ಹುರುಪು ಮತ್ತು ಖಿನ್ನತೆ ಸರದಿಯಂತೆ ಬರುವ ಬೈಪೋಲಾರ್ ಕಾಯಿಲೆಗೆ ಅದರಷ್ಟು ಒಳ್ಳೆಯದು ಕಡಿಮೆ. ಏಪ್ರಿಲ್‌-ಮೇನಲ್ಲಿ 40 ಡಿಗ್ರಿ ದಾಟಿದ ಬಿಸಿಲಲ್ಲಿ ಬೆವರು ಹರಿಸಿ ದುಡಿಯುವವನ ಮೈಯಲ್ಲಿ ನೀರು, ಉಪ್ಪು ಕಡಿಮೆಯಾದರೆ ರಕ್ತದಲ್ಲಿ ಲಿಥಿಯಂ ಏರುತ್ತದೆ. ಮೈಕೈ ನೋವಿಗೆಂದು ಅಂಗಡಿಯಲ್ಲಿ ಡೈಕ್ಲೊಫೆನಾಕ್ ಅಥವಾ ಐಬುಪ್ರೊಫೆನ್ ಕೊಂಡು ನುಂಗಿದರೆ ಇನ್ನೂ ಏರುತ್ತದೆ. ಕೈ ದಪ್ಪಗೆ ನಡುಗುವುದು, ವಾಂತಿ, ಭೇದಿ, ತೂರಾಡುವ ನಡಿಗೆ, ತೊದಲು ಮಾತು ಕಂಡರೆ ಮಾತ್ರೆ ನಿಲ್ಲಿಸಿ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಕುಡಿದಿದ್ದಾನೆ ಎಂದು ಜರಿದು ಮಲಗಿಸುವುದು ಇಲ್ಲಿ ಪದೇ ಪದೇ ಆಗುವ ತಪ್ಪು. ರಕ್ತಪರೀಕ್ಷೆಯಲ್ಲಿ ಇನ್ನೊಂದು ಎಡವಟ್ಟಿದೆ. ಕೊನೆಯ ಮಾತ್ರೆ ನುಂಗಿ 12 ಗಂಟೆ ಕಳೆದ ಮೇಲೆ ರಕ್ತ ಕೊಡಬೇಕು. ದೂರದಿಂದ ಬರುವವರು ಬೆಳಿಗ್ಗೆಯ ಮಾತ್ರೆ ನುಂಗಿ ಬಸ್ಸು ಹತ್ತುತ್ತಾರೆ. ಮಟ್ಟ ಸುಳ್ಳಾಗಿ ಹೆಚ್ಚು ತೋರುತ್ತದೆ, ವೈದ್ಯರು ಪ್ರಮಾಣ ಇಳಿಸುತ್ತಾರೆ, ಕಾಯಿಲೆ ಮರುಕಳಿಸುತ್ತದೆ. ಬೆಳಗಿನ ಮಾತ್ರೆ ಜೇಬಲ್ಲಿರಲಿ, ರಕ್ತ ಕೊಟ್ಟ ಮೇಲೆ ನುಂಗಿದರಾಯಿತು.

ಕುಡಿತ ಬಿಟ್ಟವರ ಮಾತೂ ಇಲ್ಲೇ ಹೇಳಿಬಿಡಬೇಕು. ದಿನವೂ ಕುಡಿಯುವವನು ದಿಢೀರನೆ ನಿಲ್ಲಿಸಿದರೆ ಮೊದಲ ಎರಡು ದಿನದೊಳಗೆ ಫಿಟ್ಸ್ ಬರಬಹುದು, ಎರಡರಿಂದ ನಾಲ್ಕನೇ ದಿನದೊಳಗೆ ಸನ್ನಿ ಹಿಡಿಯಬಹುದು. ಕಾಲು ಮುರಿದು ಮೂಳೆ ವಾರ್ಡಿಗೆ ಸೇರಿದವನು ಮೂರನೇ ದಿನ ಹಾಸಿಗೆ ಮೇಲೆ ಹುಳ ಹರಿದಾಡುತ್ತಿವೆ ಎಂದರೆ ಅದು ಗಾಳಿಯೂ ಅಲ್ಲ, ನಾಟಕವೂ ಅಲ್ಲ. ಗ್ಲೂಕೋಸ್ ಏರಿಸುವ ಮುಂಚೆ ಥಯಾಮಿನ್ (ಬಿ1 ವಿಟಮಿನ್) ಕೊಡಬೇಕು ಎಂಬುದನ್ನು ಸಣ್ಣ ನರ್ಸಿಂಗ್ ಹೋಮ್‌ಗಳಲ್ಲಿ ನೆನಪಿಸುವುದು ಒಳ್ಳೆಯದು.

ಆಸ್ಪತ್ರೆಗೆ ದಾಖಲಾಗಲು ಈಗ 2017ರ ಅದೇ ಕಾಯ್ದೆಯ ಹಾದಿಯಿದೆ. ರೋಗಿಯೇ ಒಪ್ಪಿದರೆ ತಕರಾರಿಲ್ಲ, ಬಿಡುಗಡೆಯೂ ಅವರ ಇಚ್ಛೆ. ಒಪ್ಪುವ ಸ್ಥಿತಿಯಲ್ಲಿಲ್ಲದವರನ್ನು ನಾಮನಿರ್ದೇಶಿತ ಪ್ರತಿನಿಧಿಯ (ರೋಗಿಯ ಪರವಾಗಿ ನಿಲ್ಲುವವರ) ಕೋರಿಕೆಯ ಮೇಲೆ, ಒಬ್ಬ ಮನೋವೈದ್ಯರು ಮತ್ತು ಇನ್ನೊಬ್ಬ ಮಾನಸಿಕ ಆರೋಗ್ಯ ತಜ್ಞರು ಅಥವಾ ವೈದ್ಯರು ಬೇರೆ ಬೇರೆಯಾಗಿ ನೋಡಿದ ಬಳಿಕ 30 ದಿನದವರೆಗೆ ಸೇರಿಸಬಹುದು. ಅಪಾಯದ ತುರ್ತಿನಲ್ಲಿ ಯಾವುದೇ ನೋಂದಾಯಿತ ವೈದ್ಯರು 72 ಗಂಟೆಯವರೆಗೆ ಚಿಕಿತ್ಸೆ ಕೊಡಬಹುದು. ಅರಿವಳಿಕೆಯಿಲ್ಲದೆ ವಿದ್ಯುತ್ ಚಿಕಿತ್ಸೆ ನಿಷಿದ್ಧ. ಗುಂತಕಲ್ಲು, ಬಳ್ಳಾರಿಯಂಥ ರೈಲು ನಿಲ್ದಾಣಗಳಲ್ಲಿ ಊರು ಹೇಳಲಾರದೆ ಅಲೆಯುವವರು ಸಿಗುತ್ತಾರೆ. ಅಂಥವರನ್ನು ಪೊಲೀಸರು ಲಾಕಪ್ಪಿಗೆ ಹಾಕುವಂತಿಲ್ಲ, 24 ಗಂಟೆಯೊಳಗೆ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಒಯ್ದು, ಮನೆಯವರನ್ನು ಹುಡುಕಲು ಕಾಣೆಯಾದವರ ದೂರು ದಾಖಲಿಸಬೇಕು. ಗಡಿಯಾಚೆಯ ಠಾಣೆಗೂ ಫೋಟೊ ಕಳಿಸಿ ಎಂದು ಬಾಯಿಬಿಟ್ಟು ಕೇಳಬೇಕು, ಮನೆ ಬಹಳ ಸಲ ಅಲ್ಲೇ ಇರುತ್ತದೆ.

ಅಂಗವಿಕಲತೆಯ ಪ್ರಮಾಣಪತ್ರಕ್ಕೆ ಐಡಿಯಾಸ್ ಎಂಬ ಅಳತೆ ಬಳಸುತ್ತಾರೆ. ಸ್ವಂತ ಆರೈಕೆ, ಜನರೊಡನೆ ಒಡನಾಟ, ಮಾತು ಮತ್ತು ಗ್ರಹಿಕೆ, ಕೆಲಸ, ಈ ನಾಲ್ಕಕ್ಕೆ ಅಂಕ, ಜೊತೆಗೆ ಕಾಯಿಲೆಯ ಅವಧಿಗೂ ಅಂಕ. ಶೇಕಡಾ 40 ಅಥವಾ ಅದಕ್ಕಿಂತ ಹೆಚ್ಚಾದರೆ ಸೌಲಭ್ಯ. ವಾಸದ ಜಿಲ್ಲೆಯಲ್ಲಿ ಅಥವಾ ಚಿಕಿತ್ಸೆ ಪಡೆದ ಸರ್ಕಾರಿ ಆಸ್ಪತ್ರೆಯಲ್ಲಿ ಅರ್ಜಿ ಹಾಕಬಹುದು. ಪಿಂಚಣಿ ಮಾತ್ರ ವಿಳಾಸವಿರುವ ರಾಜ್ಯದ್ದೇ. ಬಳ್ಳಾರಿಯಲ್ಲಿ ಚಿಕಿತ್ಸೆ ಪಡೆಯುವ ರಾಯದುರ್ಗದವರು ಈ ಎರಡನ್ನೂ ಒಂದೇ ಎಂದುಕೊಂಡು ವರ್ಷಗಟ್ಟಲೆ ಅಲೆಯುತ್ತಾರೆ.

ಕಲಿಯಬೇಕೆನ್ನುವ ಮಕ್ಕಳು ಇರುವವರಿಗೆ ಎರಡು ಮಾತು. ಎಂ.ಎ. ಮನಃಶಾಸ್ತ್ರ ಮಾಡಿದವರೆಲ್ಲ ಕ್ಲಿನಿಕಲ್ ಸೈಕಾಲಜಿಸ್ಟ್ ಅಲ್ಲ. ಆ ಹೆಸರಿನಲ್ಲಿ ಕೆಲಸ ಮಾಡಲು ಭಾರತೀಯ ಪುನರ್ವಸತಿ ಮಂಡಳಿಯ ನೋಂದಣಿ ಬೇಕು. ನೋಂದಣಿ ಪಡೆದವರಲ್ಲಿ ಹೆಚ್ಚಿನವರು ನಿಮ್ಹಾನ್ಸ್, ಡಿಮ್ಹಾನ್ಸ್‌ನಂಥ ಕಡೆ ರೋಗಿಗಳ ನಡುವೆ ಎರಡು ವರ್ಷದ ಎಂ.ಫಿಲ್. ಮುಗಿಸಿದವರು. ಮನೋವೈದ್ಯಕೀಯ ಸಮಾಜಕಾರ್ಯ, ಮನೋವೈದ್ಯಕೀಯ ಶುಶ್ರೂಷೆಯ ಓದೂ ಅಲ್ಲಿವೆ. ಗಡಿ ಜಿಲ್ಲೆಗಳಿಗೆ ಸಮಾಜಕಾರ್ಯದವರೇ ಹೆಚ್ಚು ಬೇಕು, ಏಕೆಂದರೆ ಬಿಟ್ಟುಹೋದ ರೋಗಿಯ ಮನೆ ಬಾಗಿಲಿಗೆ ಹೋಗುವವರು ಅವರು. ಪುನರ್ವಸತಿಯ ತರಬೇತಿಗೆ ಬೆಂಗಳೂರಿನ ರಿಚ್ಮಂಡ್ ಫೆಲೋಶಿಪ್ ಹೆಸರುವಾಸಿ. ಮೂರು ತಿಂಗಳ ಕೋರ್ಸಿನಲ್ಲಿ ‘ಥೆರಪಿಸ್ಟ್’ ಮಾಡುತ್ತೇವೆ ಎನ್ನುವವರ ಹತ್ತಿರ ಒಂದೇ ಪ್ರಶ್ನೆ ಕೇಳಿ: ಮೇಲ್ವಿಚಾರಕರ ಎದುರು ಎಷ್ಟು ರೋಗಿಗಳನ್ನು ನೋಡಿಸುತ್ತೀರಿ?

ಆಸ್ಪತ್ರೆಯ ತನಕ ಬರಲಾಗದವರಿಗೆ ಟೆಲಿ ಮಾನಸ್ ಇದೆ, ಸಂಖ್ಯೆ 14416. 2022ರ ಅಕ್ಟೋಬರ್ 10ರಿಂದ ನಡೆಯುತ್ತಿದೆ, ಕರೆ ಉಚಿತ, ಹಗಲು ರಾತ್ರಿ ಸಿಗುತ್ತದೆ. ಭಾಷೆ ಆರಿಸಿಕೊಳ್ಳಲು ಹೇಳಿದಾಗ ಶಾಲೆಯಲ್ಲಿ ಕಲಿತ ಭಾಷೆ ಒತ್ತಬೇಡಿ, ಅಳುವಾಗ ಬಾಯಿಗೆ ಬರುವ ಭಾಷೆ ಒತ್ತಿ.

ಸಂಶೋಧನೆಗೆಂದು ಬರುವವರಿಗೂ ಇದೇ ಮಾತು ಸಲ್ಲುತ್ತದೆ. ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಸಮೀಕ್ಷೆ ವಯಸ್ಕರಲ್ಲಿ ಶೇಕಡಾ 10.6 ಮಂದಿಗೆ ಮಾನಸಿಕ ತೊಂದರೆ ಇದೆ ಎಂದಿತು. ಆಗ ಆರಿಸಿದ 12 ರಾಜ್ಯಗಳಲ್ಲಿ ಕರ್ನಾಟಕ ಇರಲಿಲ್ಲ, ಪೂರ್ವಪರೀಕ್ಷೆ ನಡೆದದ್ದು ಮಾತ್ರ ಇನ್ನೊಂದು ಗಡಿ ಜಿಲ್ಲೆಯಾದ ಕೋಲಾರದಲ್ಲಿ. ಖಿನ್ನತೆ ಅಳೆಯುವ ಒಂಬತ್ತು ಪ್ರಶ್ನೆಗಳ ಪಟ್ಟಿಯನ್ನು ಕನ್ನಡದಲ್ಲಷ್ಟೇ ಅಚ್ಚು ಹಾಕಿಸಿಕೊಂಡು ಸಿರುಗುಪ್ಪದ ಹಳ್ಳಿಗೆ ಹೋದರೆ ಅರ್ಧ ಮನೆಗಳಲ್ಲಿ ಕಾರ್ಯಕರ್ತೆ ನಿಂತಲ್ಲೇ ತೆಲುಗಿಗೆ ತಿರುಗಿಸುತ್ತಾಳೆ, ಒಂದೊಂದು ಮನೆಯಲ್ಲಿ ಒಂದೊಂದು ಪದದಲ್ಲಿ. ತೆಲುಗು ಪಟ್ಟಿ ಬೇರೆ ಇಟ್ಟುಕೊಳ್ಳಿ, ಯಾವ ಭಾಷೆಯಲ್ಲಿ ಕೇಳಿದಿರಿ ಎಂದು ಪ್ರತಿ ಹಾಳೆಯಲ್ಲೂ ಗುರುತು ಹಾಕಿಸಿ. ನಿದ್ದೆಯ ಪ್ರಶ್ನೆಗೆ ಮೇ ತಿಂಗಳಲ್ಲಿ ಬರುವ ಉತ್ತರ ಸೆಕೆಯದ್ದೂ ಇರಬಹುದು. ಹಾಗೆಂದು ಮೆಣಸಿನಕಾಯಿ ಸುಗ್ಗಿಯ ಕಾಲದಲ್ಲಿ ಹೋದಿರೋ, ಮುದುಕರು ಮಕ್ಕಳು ಬಿಟ್ಟರೆ ಮನೆಯಲ್ಲಿ ಯಾರೂ ಸಿಗುವುದಿಲ್ಲ.