ಚಳಿಗಾಲದಲ್ಲಿ ಟ್ರ್ಯಾಕ್ಟರಿಗೆ ಎಂಜಿನ್ ಹೀಟರ್ ಬೇಕೇ?

ಪ್ರಶ್ನೆ: ನನ್ನ ಬಳಿ ಮೂರು ಸಿಲಿಂಡರಿನ ಹಳೆಯ ಡೀಸೆಲ್ ಟ್ರ್ಯಾಕ್ಟರ್ ಇದೆ. ಬೇಸಿಗೆಯಲ್ಲಿ ಕೀಲಿ ತಿರುಗಿಸಿದ ಕೂಡಲೇ ಚಾಲೂ ಆಗುತ್ತದೆ. ಉಷ್ಣಾಂಶ ಮೈನಸ್ 8ರಿಂದ ಮೈನಸ್ 15 ಡಿಗ್ರಿಯವರೆಗೆ ಇಳಿಯುವ ದಿನಗಳಲ್ಲಿ ಮಾತ್ರ ಎಷ್ಟು ಸಲ ಸೆಲ್ಫ್ ಹೊಡೆದರೂ ಎಂಜಿನ್ ನಿಧಾನವಾಗಿ ಹೊರಳುತ್ತದೆ, ಬಿಳಿ ಹೊಗೆ ಬರುತ್ತದೆ, ಚಾಲೂ ಆಗುವುದಿಲ್ಲ. ಎಂಜಿನ್ ಹೀಟರ್ ಹಾಕಿಸಿ ಎಂದು ಪರಿಚಿತರೊಬ್ಬರು ಹೇಳುತ್ತಾರೆ. ಬ್ಯಾಟರಿ ಬದಲಿಸಿದರೆ ಸಾಕು ಎಂದು ಮೆಕ್ಯಾನಿಕ್ ಹೇಳುತ್ತಾರೆ. ಯಾರ ಮಾತು ಸರಿ? ಹೀಟರ್ ಹಾಕಿಸುವುದಾದರೆ ಯಾವ ಬಗೆಯದು? ಅದು ರಾತ್ರಿಯಿಡೀ ಚಾಲೂ ಇರಬೇಕೇ?

ಉತ್ತರ: ನೀವು ಬರೆದಿರುವ ಎರಡು ಲಕ್ಷಣಗಳನ್ನು ಬೇರೆಬೇರೆಯಾಗಿ ನೋಡಬೇಕು. ಬಿಳಿ ಹೊಗೆ ಬರುತ್ತಿದೆಯೆಂದರೆ ಡೀಸೆಲ್ ಸಿಲಿಂಡರಿನವರೆಗೆ ತಲುಪುತ್ತಿದೆ, ಆದರೆ ಉರಿಯದೆ ಹೊರಬೀಳುತ್ತಿದೆ ಎಂದರ್ಥ. ಡೀಸೆಲ್ ಎಂಜಿನ್ನಿನಲ್ಲಿ ಕಿಡಿ ಕೊಡುವ ಪ್ಲಗ್ ಇರುವುದಿಲ್ಲ. ಪಿಸ್ಟನ್ ಗಾಳಿಯನ್ನು ಅದರ ಗಾತ್ರದ ಹದಿನಾರರಿಂದ ಇಪ್ಪತ್ತೆರಡರಲ್ಲಿ ಒಂದು ಪಾಲಿಗೆ ಒತ್ತಿದಾಗ ಹುಟ್ಟುವ ಕಾವಿನಿಂದಲೇ ಇಂಧನ ಹೊತ್ತಿಕೊಳ್ಳಬೇಕು. ಸಿಲಿಂಡರಿನ ಲೋಹ ಕೊರೆಯುವಷ್ಟು ತಣ್ಣಗಿದ್ದರೆ ಆ ಕಾವನ್ನು ಅದೇ ಹೀರಿಕೊಳ್ಳುತ್ತದೆ. ಎಂಜಿನ್ ನಿಧಾನವಾಗಿ ಹೊರಳಿದಷ್ಟೂ ಹೀಗೆ ಹೀರಿಕೊಳ್ಳಲು ಹೆಚ್ಚು ಸಮಯ ಸಿಗುತ್ತದೆ, ಒತ್ತಿದ ಗಾಳಿಯೂ ಪಿಸ್ಟನ್ನಿನ ಸುತ್ತಲಿನ ರಿಂಗುಗಳ ಸಂದಿನಿಂದ ಸೋರುತ್ತದೆ. ಆದ್ದರಿಂದ ನಿಮ್ಮ ಪರಿಚಿತರೂ ಮೆಕ್ಯಾನಿಕ್ಕೂ ಒಂದೇ ತೊಂದರೆಯ ಎರಡು ತುದಿಗಳನ್ನು ಹಿಡಿದುಕೊಂಡಿದ್ದಾರೆ. ಮೊದಲು ಮೆಕ್ಯಾನಿಕ್ಕಿನ ಮಾತನ್ನೇ ಪರೀಕ್ಷಿಸಿರಿ. ಸೊರಗಿದ ಬ್ಯಾಟರಿಯ ದೋಷವನ್ನು ಹೀಟರ್ ಕೆಲಕಾಲ ಮುಚ್ಚಿಡುತ್ತದೆ, ಎಲ್ಲೋ ಹೊಲದ ನಡುವೆ ಎಂಜಿನ್ ಆರಿಸಿ ಮತ್ತೆ ಚಾಲೂ ಮಾಡಲು ಹೋದಾಗ ಅದು ಬಯಲಿಗೆ ಬರುತ್ತದೆ.

ಟ್ರ್ಯಾಕ್ಟರಿನಲ್ಲಿರುವ ಸಾಮಾನ್ಯ ಬ್ಯಾಟರಿ ಸೊನ್ನೆ ಡಿಗ್ರಿಯಲ್ಲಿ ತನ್ನ ಶಕ್ತಿಯ ಸುಮಾರು ಮೂರನೇ ಒಂದು ಭಾಗವನ್ನು ಕಳೆದುಕೊಂಡಿರುತ್ತದೆ. ಮೈನಸ್ 18ರಲ್ಲಿ ಅರ್ಧವೂ ಉಳಿಯುವುದಿಲ್ಲ. ಗಟ್ಟಿಯಾದ ಆಯಿಲಿನಲ್ಲಿ ಎಂಜಿನ್ ಹೊರಳಿಸಲು ಹೆಚ್ಚು ಬಲ ಬೇಕಾಗುವುದೂ ಆಗಲೇ. ಪೂರ್ತಿ ಚಾರ್ಜ್ ಮಾಡಿ ಕೆಲವು ಗಂಟೆ ಬಿಟ್ಟ 12 ವೋಲ್ಟ್ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸಬೇಕು. ಚಳಿ ಇಲ್ಲದ ಒಂದು ದಿನ ಮಲ್ಟಿಮೀಟರಿನ ಕಡ್ಡಿಗಳನ್ನು ಎರಡೂ ಟರ್ಮಿನಲ್‌ಗಳ ಮೇಲೆ ಒತ್ತಿ ಹಿಡಿದು, ಇನ್ನೊಬ್ಬರಿಂದ ಸೆಲ್ಫ್ ಹೊಡೆಸಿರಿ. ಅಂಕಿ 9.6ಕ್ಕಿಂತ ಕೆಳಗೆ ಕುಸಿದರೆ ಬ್ಯಾಟರಿಯನ್ನು ಸಂಶಯಿಸಬೇಕು. ಕುಸಿಯದೆಯೂ ಎಂಜಿನ್ ತೂಕಡಿಸುತ್ತಿದ್ದರೆ ಒಂದು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್ ಟರ್ಮಿನಲ್ಲಿಗೂ ಇನ್ನೊಂದನ್ನು ಎಂಜಿನ್ನಿನ ಬಣ್ಣವಿಲ್ಲದ ಲೋಹಕ್ಕೂ ತಾಗಿಸಿ ಮತ್ತೆ ಹೊಡೆಸಿರಿ. ಅಲ್ಲಿ ಅರ್ಧ ವೋಲ್ಟಿಗಿಂತ ಹೆಚ್ಚು ಕಂಡರೆ ಬ್ಯಾಟರಿಯ ನೆಗೆಟಿವನ್ನು ಟ್ರ್ಯಾಕ್ಟರಿನ ಲೋಹಕ್ಕೆ ಜೋಡಿಸುವ ಅರ್ಥ್ ಪಟ್ಟಿಯ ಬೋಲ್ಟಿನಡಿ ತುಕ್ಕು ಕೂತಿದೆ ಅಥವಾ ಜೋಡಣೆ ಸಡಿಲವಾಗಿದೆ. ಹಳೆಯ ಟ್ರ್ಯಾಕ್ಟರುಗಳಲ್ಲಿ ಇದು ಎಷ್ಟು ಸಾಮಾನ್ಯವೆಂದರೆ, ಹೊಸ ಬ್ಯಾಟರಿ ಕೊಳ್ಳುವ ಮೊದಲು ಉಜ್ಜುಕಾಗದ ಕೊಳ್ಳಿರಿ ಎಂದು ಹೇಳಬೇಕೆನಿಸುತ್ತದೆ.

ಆಮೇಲೆ ಎಂಜಿನ್ ಆಯಿಲನ್ನು ನೋಡಿರಿ. ಡಬ್ಬಿಯ ಮೇಲೆ 15ಡಬ್ಲ್ಯೂ-40 ಎಂದಿದ್ದರೆ ಆ ಆಯಿಲು ಸುಮಾರು ಮೈನಸ್ 15ರವರೆಗೆ ಹೇಗೋ ನಿಭಾಯಿಸುತ್ತದೆ. ಅದಕ್ಕಿಂತ ಹೆಚ್ಚಿನ ಚಳಿಗೆ, ಕೈಪಿಡಿಯಲ್ಲಿ ಒಪ್ಪಿಗೆಯಿದ್ದರೆ, 10ಡಬ್ಲ್ಯೂ ಅಥವಾ 5ಡಬ್ಲ್ಯೂ ದರ್ಜೆಯದನ್ನು ಹಾಕಬೇಕು. ಗ್ಲೋ ಪ್ಲಗ್ (ಚಾಲೂ ಮಾಡುವಾಗ ಸಿಲಿಂಡರಿನ ಒಳಗನ್ನು ಕಾಯಿಸುವ ವಿದ್ಯುತ್ ಕಡ್ಡಿ) ಇರುವ ಎಂಜಿನ್ ಆದರೆ ಪ್ರತಿಯೊಂದೂ ಕೆಂಪಗಾಗುತ್ತಿದೆಯೇ ಎಂದು ಪರೀಕ್ಷಿಸಿರಿ. ಸೆಲ್ಫ್ ಹೊಡೆಯುವಾಗ ಗೇರು ನ್ಯೂಟ್ರಲ್‌ನಲ್ಲಿದ್ದರೂ ಕ್ಲಚ್ ಪೂರ್ತಿ ತುಳಿದಿರಿ. ಗೇರ್‌ಬಾಕ್ಸಿನಲ್ಲಿ ಗಟ್ಟಿಯಾದ ಆಯಿಲನ್ನು ಕಲಕುವ ಹೊರೆ ಎಂಜಿನ್ನಿಗೆ ತಪ್ಪುತ್ತದೆ.

ಇಷ್ಟೆಲ್ಲ ಸರಿಪಡಿಸಿದ ಮೇಲೂ ಮೈನಸ್ 10ರ ಬೆಳಿಗ್ಗೆ ಟ್ರ್ಯಾಕ್ಟರ್ ಹಟ ಮಾಡಿದರೆ ಹೀಟರ್ ಬೇಕು. ಮೈನಸ್ 18ರ ಆಸುಪಾಸಿನಲ್ಲಿ ಕೆಲಸವಿರುವವರು ಈ ಪರೀಕ್ಷೆಗಳ ಫಲಿತಾಂಶಕ್ಕೂ ಕಾಯಬೇಕಾಗಿಲ್ಲ, ಹಾಕಿಸಿಬಿಡಬಹುದು. ದಿನವೂ ನಸುಕಿನಲ್ಲೇ ದನಗಳಿಗೆ ಮೇವು ಸಾಗಿಸುವ ಅಥವಾ ಹಿಮ ಸರಿಸುವ ಕೆಲಸವಿದ್ದರೆ, ಕಷ್ಟಪಟ್ಟಾದರೂ ಚಾಲೂ ಆಗುವ ಟ್ರ್ಯಾಕ್ಟರಿಗೂ ನಾನು ಹೀಟರ್ ಸೂಚಿಸುತ್ತೇನೆ. ಉರಿಯದ ಡೀಸೆಲ್ ಸಿಲಿಂಡರಿನ ಗೋಡೆಯ ಆಯಿಲನ್ನು ತೊಳೆದುಹಾಕುವುದರಿಂದ ಇಂಥ ಒಂದೊಂದು ಪ್ರಯತ್ನದಲ್ಲೂ ರಿಂಗುಗಳು ಸವೆಯುತ್ತವೆ. ಚಳಿಗಾಲದಲ್ಲಿ ನಾಲ್ಕೈದು ಸಲ ಮಾತ್ರ ಬಳಸುವವರು, ಅದೂ ಬಿಸಿಲೇರುವವರೆಗೆ ಕಾಯಬಲ್ಲವರು, ಅದೇ ಹಣವನ್ನು ಬ್ಯಾಟರಿಗೆ ಹಾಕುವುದು ಒಳ್ಳೆಯದು. ಟ್ರ್ಯಾಕ್ಟರ್ ನಿಲ್ಲುವ ಜಾಗದಲ್ಲಿ ವಿದ್ಯುತ್ ಇಲ್ಲದಿದ್ದರೆ ಈ ಚರ್ಚೆಯೇ ಬೇಡ.

ಬಗೆಗಳಲ್ಲಿ ನನ್ನ ಮೊದಲ ಆಯ್ಕೆ ಬ್ಲಾಕ್ ಹೀಟರ್. ಎಂಜಿನ್ ಬ್ಲಾಕಿನ ಪಕ್ಕದಲ್ಲಿರುವ ದುಂಡು ಮುಚ್ಚಳವೊಂದನ್ನು ತೆಗೆದು ಆ ರಂಧ್ರದಲ್ಲಿ ಕೂರಿಸುವ ಇದು ಕೂಲೆಂಟಿನಲ್ಲಿ, ಅಂದರೆ ಎಂಜಿನ್ನನ್ನು ತಂಪಾಗಿಡುವ ದ್ರವದಲ್ಲಿ, ಮುಳುಗಿ ಸಿಲಿಂಡರಿನ ಸುತ್ತಲೂ ನೇರವಾಗಿ ಕಾಯಿಸುತ್ತದೆ. ಅಂಥ ಜಾಗವಿಲ್ಲದ ಎಂಜಿನ್ನಿಗೆ ರೇಡಿಯೇಟರಿನ ಕೆಳಗಿನ ಹೋಸ್ ಪೈಪಿನಲ್ಲಿ ಸೇರಿಸುವ ಹೀಟರ್ ಸಿಗುತ್ತದೆ. ಆಯಿಲ್ ಚೇಂಬರಿನ ಅಡಿಗೆ ಅಂಟಿಸುವ ಅಯಸ್ಕಾಂತದ ಹೀಟರ್ ಸುಲಭವೇನೋ ಹೌದು, ಆದರೆ ಸಾಮಾನ್ಯವಾಗಿ 200-300 ವ್ಯಾಟಿನ ಆ ಕಾವು ಆಯಿಲನ್ನು ಸಡಿಲಗೊಳಿಸುವುದಕ್ಕೆ ಮುಗಿಯುತ್ತದೆ; ನಿಮ್ಮ ಬಿಳಿ ಹೊಗೆಗೆ ಅದು ಸಾಲದು.

ರಾತ್ರಿಯಿಡೀ ಬಿಡಬೇಕಾಗಿಲ್ಲ. ಎರಡರಿಂದ ನಾಲ್ಕು ಗಂಟೆಯೊಳಗೆ ಬ್ಲಾಕ್ ಏರಬಹುದಾದಷ್ಟು ಕಾವಿಗೆ ಹೆಚ್ಚುಕಡಿಮೆ ಏರಿರುತ್ತದೆ. ಅಲ್ಲಿಂದ ಮುಂದೆ ಕೊಟ್ಟ ಕಾವೆಲ್ಲ ಗಾಳಿಗೆ ಹೋಗುತ್ತದೆ. 1000 ವ್ಯಾಟಿನ ಹೀಟರ್ ಮೂರು ಗಂಟೆಗೆ 3 ಯೂನಿಟ್, ಹತ್ತು ಗಂಟೆಗೆ 10 ಯೂನಿಟ್ ತಿನ್ನುತ್ತದೆ. ಆ ಹೊರೆ ತಾಳುವ ಟೈಮರ್ ಒಂದನ್ನು ಹಾಕಿದರೆ ನಸುಕಿನಲ್ಲಿ ಏಳುವ ಕಷ್ಟವೂ ಇಲ್ಲ. ವೈರು ದಪ್ಪದ್ದಾಗಿರಲಿ, ಅರ್ಥಿಂಗ್ ಇರಲಿ, ಹೊರಡುವ ಮುನ್ನ ಪ್ಲಗ್ ಕಿತ್ತಿದೆಯೇ ಎಂದು ನೋಡಿಕೊಳ್ಳಿರಿ. ಕೂಲೆಂಟ್ ತುಂಬಿಸಿ, ಎಂಜಿನ್ ಓಡಿಸಿ, ಒಳಗಿನ ಗಾಳಿಯನ್ನು ಹೊರಹಾಕುವವರೆಗೆ ಹೀಟರಿಗೆ ವಿದ್ಯುತ್ ಕೊಡಬಾರದು. ಗಾಳಿಯಲ್ಲಿ ಉಳಿದ ಎಲಿಮೆಂಟ್ ಬಲುಬೇಗ ಸುಟ್ಟುಹೋಗುತ್ತದೆ. ಟ್ರ್ಯಾಕ್ಟರಿನಲ್ಲಿ ಹೀಟರ್ ಈಗಾಗಲೇ ಇದ್ದು ಕೆಲಸ ಮಾಡುತ್ತಿದೆಯೋ ಇಲ್ಲವೋ ಎಂಬ ಅನುಮಾನವಿರುವವರು ಪ್ಲಗ್ ಕಿತ್ತು ಅದರ ಎರಡು ಪಿನ್ನುಗಳ ನಡುವೆ ರೋಧ ಅಳೆಯಬಹುದು: 230 ವೋಲ್ಟಿನ 1000 ವ್ಯಾಟ್ ಹೀಟರಿನಲ್ಲಿ ಸುಮಾರು 53 ಓಮ್, 120 ವೋಲ್ಟಿನದರಲ್ಲಿ ಸುಮಾರು 14 ಓಮ್ ಬರಬೇಕು.

ಹೀಟರಿಗೆ ಸಾಧ್ಯವಾಗದ ಒಂದು ಕೆಲಸವಿದೆ. ಅತಿ ಚಳಿಯಲ್ಲಿ ಡೀಸೆಲಿನೊಳಗಿನ ಮೇಣ ಹರಳುಗಟ್ಟಿ ಫಿಲ್ಟರನ್ನು ಕಟ್ಟಿಹಾಕುತ್ತದೆ. ಬಿಸಿ ಬ್ಲಾಕಿನಿಂದ ಟ್ಯಾಂಕಿನ ಡೀಸೆಲ್ ಕರಗದು. ಆಗ ಹೊಗೆಯೇ ಕಾಣಿಸುವುದಿಲ್ಲ, ಅಥವಾ ಎಂಜಿನ್ ಚಾಲೂ ಆಗಿ ಸ್ವಲ್ಪ ಹೊತ್ತಿಗೆ ಆರಿಹೋಗುತ್ತದೆ. ಅದಕ್ಕೆ ಚಳಿಗಾಲದ ದರ್ಜೆಯ ಡೀಸೆಲನ್ನು ಮೊದಲೇ ತುಂಬಿಸಿಡಬೇಕು.

ಪ್ರಶ್ನೆ: ಹೀಟರಿನ ಖರ್ಚೇಕೆ, ಗಾಳಿಯ ಕೊಳವೆಗೆ ಬಲುಬೇಗ ಹೊತ್ತಿಕೊಳ್ಳುವ ಈಥರ್ ಸ್ಪ್ರೇ ಹೊಡೆದರೆ ಸಾಲದೇ? (ಇನ್ನೊಬ್ಬ ಓದುಗರು)

ಉತ್ತರ: ಗ್ಲೋ ಪ್ಲಗ್ ಅಥವಾ ಒಳಬರುವ ಗಾಳಿಯನ್ನು ಕಾಯಿಸುವ ಸಾಧನ ಇರುವ ಎಂಜಿನ್ನಿಗೆ ಖಂಡಿತ ಹೊಡೆಯಬೇಡಿರಿ. ಕೆಂಪಗೆ ಕಾದ ತಂತಿಗೆ ತಾಗಿದ ಈಥರ್ ಪಿಸ್ಟನ್ ಇನ್ನೂ ಮೇಲೇರುತ್ತಿರುವಾಗಲೇ ಸಿಡಿಯುತ್ತದೆ. ರಿಂಗು ಮುರಿದ, ಪಿಸ್ಟನ್ ಬಿರುಕುಬಿಟ್ಟ ಎಂಜಿನ್ನುಗಳು ಗ್ಯಾರೇಜಿಗೆ ಬರುವುದು ಹೀಗೆಯೇ. ಇವೆರಡೂ ಇಲ್ಲದ ಎಂಜಿನ್ನಿನಲ್ಲಿಯೂ ಕೈಪಿಡಿ ಒಪ್ಪಿದರೆ ಮಾತ್ರ, ಅದು ಹೇಳಿದ ವಿಧಾನದಲ್ಲಿ, ಹೇಳಿದಷ್ಟೇ ಬಳಸಿರಿ.