ಎಲ್ಲರೂ ಹೊಗಳುವ ಸಿನಿಮಾ ಮನೆಯಲ್ಲಿ ನೋಡಿದರೆ ನನಗ್ಯಾಕೆ ಬೋರ್ ಆಗುತ್ತೆ?

ನಿಮ್ಮ ಪ್ರಶ್ನೆ ಓದಿದೆ. ಎಲ್ಲರೂ ಅದ್ಭುತ ಅನ್ನುವ ಸಿನಿಮಾ ಹಾಕಿಕೊಂಡು ಕೂತರೆ ಅರ್ಧ ಗಂಟೆಗೇ ಆಕಳಿಕೆ ಬರುತ್ತೆ, ಡೈಲಾಗ್ ಸರಿಯಾಗಿ ಕೇಳಿಸಲ್ಲ, ನನ್ನ ಟೇಸ್ಟೇ ಸರಿ ಇಲ್ವಾ ಅಂತ ಕೇಳಿದ್ದೀರಿ. ನಾನು ಸಿನಿಮಾ ಬಗ್ಗೆ ಓದಿ ಪಂಡಿತನಾದವನಲ್ಲ. ದಿನದ ಕೆಲಸ ಮುಗಿಸಿ ಸೋಫಾದ ಮೇಲೆ ಬಿದ್ದುಕೊಂಡು ನೋಡುವ ಗಿರಾಕಿ. ಆ ಅನುಭವದ ಮೇಲೆ ಹೇಳುತ್ತೇನೆ: ನಿಮ್ಮ ಟೇಸ್ಟಿನ ಮೇಲೆ ಅನುಮಾನ ಪಡುವ ಮೊದಲು ನಿಮ್ಮ ಟಿವಿಯ ಮೇಲೆ ಅನುಮಾನ ಪಡಿ.

ತಮಾಷೆಗೆ ಹೇಳುತ್ತಿಲ್ಲ. ಸಿನಿಮಾಗಳನ್ನು ಸಾಮಾನ್ಯವಾಗಿ ಸೆಕೆಂಡಿಗೆ 24 ಫ್ರೇಮಿನಂತೆ, ಅಂದರೆ 24 ಬಿಡಿ ಚಿತ್ರಗಳಂತೆ, ತೆಗೆಯುತ್ತಾರೆ. ಟಿವಿ ಪರದೆ ಸೆಕೆಂಡಿಗೆ 60 ಸಲವೋ 120 ಸಲವೋ ಚಿತ್ರ ಬದಲಿಸಬಲ್ಲದು. ಹಾಗಾಗಿ ಹಲವು ಟಿವಿಗಳು ಎರಡು ಫ್ರೇಮುಗಳ ನಡುವೆ ಇಲ್ಲದ ಫ್ರೇಮುಗಳನ್ನು ತಾವೇ ಊಹಿಸಿ ತುರುಕುತ್ತವೆ. ಆಟದ ಪಂದ್ಯ ನೋಡುವಾಗ ಇದು ಚೆನ್ನಾಗಿಯೇ ಇರುತ್ತದೆ, ಚೆಂಡು ನುಣ್ಣಗೆ ಓಡುತ್ತದೆ. ಸಿನಿಮಾಕ್ಕೆ ಮಾತ್ರ ಇದು ವಿಷ. ಕೋಟಿಗಟ್ಟಲೆ ಸುರಿದು ತೆಗೆದ ದೃಶ್ಯ ಮಧ್ಯಾಹ್ನದ ಧಾರಾವಾಹಿಯ ಹಾಗೆ ಕಾಣತೊಡಗುತ್ತದೆ. ಸೆಟ್ಟು ಬರೀ ಸೆಟ್ಟು ಅನಿಸುತ್ತದೆ, ಗಾಯ ಬರೀ ಮೇಕಪ್ಪು ಅನಿಸುತ್ತದೆ. ಯಾರಾದರೂ ಉದ್ದನೆಯ ಕಾರಿಡಾರಿನಲ್ಲಿ ನಡೆದು ಬರುವ ಶಾಟ್ ಇದ್ದರೆ ಅವರ ಭುಜದ ಅಂಚನ್ನೇ ನೋಡಿ. ಹಿಂದಿನ ಗೋಡೆ ಅಲ್ಲಿ ಸಣ್ಣಗೆ ಕದಡಿದ ಹಾಗೆ ಕಾಣುತ್ತದೆ. ಕಂಡರೆ ನಿಮ್ಮ ಟಿವಿಯಲ್ಲೂ ಈ ಕಾಟ ಆನ್ ಇದೆ ಅಂತಲೇ ಲೆಕ್ಕ.

2018ರ ಡಿಸೆಂಬರ್‌ನಲ್ಲಿ ಹಾಲಿವುಡ್ ನಟ ಟಾಮ್ ಕ್ರೂಸ್ ಮತ್ತು ನಿರ್ದೇಶಕ ಕ್ರಿಸ್ಟೋಫರ್ ಮೆಕ್ವಾರಿ ಇಬ್ಬರೂ ನಿಂತು ಒಂದು ವಿಡಿಯೋ ಮಾಡಿ, ದಯವಿಟ್ಟು ಇದನ್ನು ಆಫ್ ಮಾಡಿ ಅಂತ ಜನರನ್ನು ಕೇಳಿಕೊಂಡಿದ್ದರು. ಸಿನಿಮಾಕ್ಕಾಗಿ ಹಾರುವ ವಿಮಾನಕ್ಕೆ ಜೋತುಬಿದ್ದ ಕ್ರೂಸ್‌ಗೇ ಇದು ಸಹಿಸಲಾಗಲಿಲ್ಲ ನೋಡಿ! ಕಷ್ಟ ಏನಂದರೆ ಇದಕ್ಕೆ ಒಬ್ಬೊಬ್ಬರು ಒಂದೊಂದು ಹೆಸರು ಇಟ್ಟಿದ್ದಾರೆ. ಸ್ಯಾಮ್‌ಸಂಗ್‌ನಲ್ಲಿ ಆಟೋ ಮೋಷನ್ ಪ್ಲಸ್, ಎಲ್‌ಜಿಯಲ್ಲಿ ಟ್ರೂಮೋಷನ್, ಸೋನಿಯಲ್ಲಿ ಮೋಷನ್‌ಫ್ಲೋ. ಪಿಕ್ಚರ್ ಸೆಟ್ಟಿಂಗ್ಸ್ ಒಳಗೆ ಹುಡುಕಿದರೆ ಸಿಗುತ್ತದೆ. 'ಫಿಲ್ಮ್‌ಮೇಕರ್ ಮೋಡ್' ಇರುವ ಟಿವಿಯಾದರೆ ಇನ್ನೂ ಸುಲಭ, ಅದೊಂದನ್ನು ಆನ್ ಮಾಡಿದರೆ ಸಾಕು, ಈ ಕಾಟ ತಾನೇ ನಿಲ್ಲುತ್ತದೆ. ಮೊದಲ ದಿನ ಚಿತ್ರ ಸ್ವಲ್ಪ ಮಂಕು ಅನಿಸಬಹುದು. ಕಣ್ಣು ಬೇಗ ಹೊಂದಿಕೊಳ್ಳುತ್ತದೆ.

ಡೈಲಾಗ್ ಕೇಳಿಸದೆ ಇರುವುದಕ್ಕೂ ನಿಮ್ಮ ಕಿವಿ ಕಾರಣ ಅಲ್ಲ. ಥಿಯೇಟರ್‌ನಲ್ಲಿ ಮಾತಿಗೆ ಅಂತಲೇ ಪರದೆಯ ಹಿಂದೆ ನಡುವೆ ಒಂದು ಸ್ಪೀಕರ್ ಇರುತ್ತದೆ. ಮನೆಯಲ್ಲಿ ಆ ಮಾತು, ಸಂಗೀತ, ಗುಂಡಿನ ಸದ್ದು ಎಲ್ಲವೂ ಎರಡು ಪುಟಾಣಿ ಸ್ಪೀಕರ್‌ಗಳಿಂದಲೇ ಬರಬೇಕು. ಟಿವಿ ತೆಳ್ಳಗಾದಷ್ಟೂ ಅವಕ್ಕೆ ಜಾಗ ಇಲ್ಲ. ಎಷ್ಟೋ ಟಿವಿಗಳಲ್ಲಿ ಅವು ನೆಲಕ್ಕೋ ಗೋಡೆಗೋ ಮುಖ ಮಾಡಿಕೊಂಡಿರುತ್ತವೆ, ನಮ್ಮ ಕಡೆಗಲ್ಲ. ಹಾಗಾಗಿ ಪಿಸುಮಾತು ಬಂದಾಗ ವಾಲ್ಯೂಮ್ ಏರಿಸು, ಬಾಂಬು ಸಿಡಿದಾಗ ಇಳಿಸು. ಎರಡು ಗಂಟೆ ರಿಮೋಟ್ ಹಿಡಿದು ಇದೇ ಕೆಲಸ ಮಾಡಿದರೆ ಕಥೆ ತಲೆಗೆ ಹತ್ತುವುದಾದರೂ ಹೇಗೆ? ಸೌಂಡ್ ಸೆಟ್ಟಿಂಗ್ಸ್‌ನಲ್ಲಿ ನೈಟ್ ಮೋಡ್ ಇದ್ದರೆ ಆನ್ ಮಾಡಿ, ದೊಡ್ಡ ಸದ್ದಿಗೂ ಸಣ್ಣ ಸದ್ದಿಗೂ ಇರುವ ಅಂತರ ಕಡಿಮೆಯಾಗುತ್ತದೆ. ಆಪ್‌ನಲ್ಲಿ ಆಡಿಯೋ 5.1 (ಹಲವು ಸ್ಪೀಕರ್‌ಗಳಿಗೆ ಅಂತ ಮಾಡಿದ್ದು) ಅಂತ ಇದ್ದರೆ, ಎರಡೇ ಸ್ಪೀಕರ್‌ಗೆ ಅಂತ ಇರುವ ಸ್ಟೀರಿಯೋಗೆ ಬದಲಿಸಿ ನೋಡಿ. ಸಬ್‌ಟೈಟಲ್ ಹಾಕಿಕೊಳ್ಳಲು ನಾಚಿಕೆ ಬೇಡವೇ ಬೇಡ. 2020ರಲ್ಲಿ ಬಂದ 'ಟೆನೆಟ್' ಸಿನಿಮಾದ ಮಾತುಗಳು ಥಿಯೇಟರ್‌ನಲ್ಲೇ ಕೇಳಿಸಲಿಲ್ಲ ಅಂತ ಜನ ಗೋಳಾಡಿದ್ದರು. ಇನ್ನು ಮನೆಯ ಟಿವಿಯ ಪಾಡೇನು!

ಕತ್ತಲೆಯದ್ದೂ ಇದೇ ಹಣೆಬರಹ. 2019ರಲ್ಲಿ 'ಗೇಮ್ ಆಫ್ ಥ್ರೋನ್ಸ್' ಕೊನೆಯ ಸೀಸನ್ನಿನ ರಾತ್ರಿ ಯುದ್ಧದ ಎಪಿಸೋಡ್ ಬಂದಾಗ ಏನೂ ಕಾಣಲಿಲ್ಲ ಅಂತ ದೊಡ್ಡ ಗಲಾಟೆಯಾಯಿತು. ಜನರಿಗೆ ಟಿವಿ ಸರಿಯಾಗಿ ಹೊಂದಿಸಿಕೊಳ್ಳಲು ಬರಲ್ಲ ಅಂತ ಅದರ ಛಾಯಾಗ್ರಾಹಕ ಫೇಬಿಯನ್ ವ್ಯಾಗ್ನರ್ ಹೇಳಿದರು. ಇದರಲ್ಲಿ ನಾನು ನೋಡುಗರ ಪರ. ಟಿವಿಗೆ ಅಂತಲೇ ಮಾಡಿದ ಸರಣಿ ಜನರ ಮನೆಯ ಟಿವಿಯಲ್ಲಿ ಕಾಣಬೇಕು, ಅಷ್ಟೇ. ಆದರೂ ಕೋಣೆಯ ಲೈಟ್ ಆರಿಸಿ ನೋಡಿದರೆ ಅರ್ಧ ಸಮಸ್ಯೆ ಪರಿಹಾರವಾಗುತ್ತದೆ ಅನ್ನುವುದೂ ನಿಜ.

ಇಷ್ಟೆಲ್ಲಾ ಸರಿ ಮಾಡಿದ ಮೇಲೂ ಬೋರ್ ಆಯಿತು ಅಂತಿಟ್ಟುಕೊಳ್ಳಿ. ಆಗ ನೋಡಬೇಕಾದ್ದು ಯಾವ ಬಗೆಯ ಸಿನಿಮಾ ಆರಿಸಿಕೊಂಡಿರಿ ಅನ್ನುವುದು. 1968ರ '2001: ಎ ಸ್ಪೇಸ್ ಒಡಿಸ್ಸಿ' ನೋಡಿ. ಮೊದಲ 25 ನಿಮಿಷದಷ್ಟು ಹೊತ್ತು ಒಬ್ಬರೂ ಬಾಯಿ ಬಿಡುವುದಿಲ್ಲ. ಥಿಯೇಟರ್‌ನಲ್ಲಿ ಕೂತವನು ಎಲ್ಲಿಗೆ ಹೋದಾನು? ಕತ್ತಲೆ, ದೊಡ್ಡ ಪರದೆ, ಪಕ್ಕದಲ್ಲಿ ಜನ. ಸುಮ್ನೆ ಕೂರಲೇಬೇಕು. ಹಾಗೆ ಕೂತ ಮೇಲೆ ಆ ಮೌನವೇ ಹಿಡಿಸತೊಡಗುತ್ತದೆ. ಮನೆಯಲ್ಲಿ ಐದನೇ ನಿಮಿಷಕ್ಕೆ ಕೈ ಫೋನಿನ ಮೇಲೆ ಹೋಗಿರುತ್ತದೆ. ಇಂಥ ಸಿನಿಮಾಗಳು ಕಟ್ಟಿಹಾಕಿ ಕೂರಿಸಿದ ನೋಡುಗನಿಗಾಗಿ ಮಾಡಿದವು. ಮನೆಯಲ್ಲಿ ಸಪ್ಪೆ ಅನಿಸಿದರೆ ಅದು ನಿಮ್ಮ ದೋಷವೂ ಅಲ್ಲ, ಸಿನಿಮಾದ್ದೂ ಅಲ್ಲ.

ಮನೆಯಲ್ಲೇ ಜಾಸ್ತಿ ರುಚಿಸುವ ಸಿನಿಮಾಗಳೂ ಇವೆ, ಆದರೆ ಅವುಗಳ ಬಗ್ಗೆ ಯಾರೂ ಅಷ್ಟಾಗಿ ಮಾತಾಡಲ್ಲ. ನನ್ನ ಮೊದಲ ಶಿಫಾರಸು 1957ರ '12 ಆಂಗ್ರಿ ಮೆನ್'. 96 ನಿಮಿಷದ ಸಿನಿಮಾ, ಹೆಚ್ಚೂಕಡಿಮೆ ಪೂರ್ತಿ ಒಂದೇ ಕೋಣೆಯಲ್ಲಿ ನಡೆಯುತ್ತದೆ. ಕೋರ್ಟಿನಲ್ಲಿ ತೀರ್ಪು ಹೇಳಬೇಕಾದ ಜ್ಯೂರಿಯ ಹನ್ನೆರಡು ಜನ ಒಂದು ಮೇಜಿನ ಸುತ್ತ ಕೂತು, ಒಬ್ಬ ಹುಡುಗ ಕೊಲೆ ಮಾಡಿದ್ದಾನೋ ಇಲ್ಲವೋ ಅಂತ ಜಗಳ ಆಡುತ್ತಾರೆ, ಅಷ್ಟೇ. ನಿರ್ದೇಶಕ ಸಿಡ್ನಿ ಲ್ಯೂಮೆಟ್ ಇಲ್ಲಿ ಒಂದು ಚಂದದ ಕೆಲಸ ಮಾಡಿದ್ದಾರೆ. ಶುರುವಿನಲ್ಲಿ ಕ್ಯಾಮೆರಾ ಕಣ್ಣಿನ ಮಟ್ಟಕ್ಕಿಂತ ಮೇಲಿರುತ್ತದೆ, ಆಮೇಲೆ ಕಣ್ಣಿನ ಮಟ್ಟಕ್ಕೆ ಬರುತ್ತದೆ, ಕೊನೆಯ ಭಾಗದಲ್ಲಿ ಅದಕ್ಕಿಂತ ಕೆಳಗಿಳಿಯುತ್ತದೆ. ಲೆನ್ಸೂ ಬದಲಾಗುತ್ತಾ ಹೋಗಿ, ಗೋಡೆಗಳು ಹತ್ತಿರ ಹತ್ತಿರ ಬಂದ ಹಾಗೆ ಅನಿಸುತ್ತದೆ. ಕೊನೆಕೊನೆಗೆ ಚಾವಣಿಯೂ ತಲೆ ಮೇಲೆ ಕಾಣಿಸಿಕೊಳ್ಳುತ್ತದೆ. ಇದು ಗೊತ್ತಿಲ್ಲದೆ ನೋಡಿದರೂ ಉಸಿರು ಕಟ್ಟುತ್ತದೆ. ಗೊತ್ತಿದ್ದು ನೋಡಿದರೆ ಹಿಂದಕ್ಕೆ ಓಡಿಸಿ ಮತ್ತೆ ನೋಡಬೇಕು ಅನಿಸುತ್ತದೆ. ಹಾಗೆ ಓಡಿಸುವ ಸವಲತ್ತು ಥಿಯೇಟರ್‌ನಲ್ಲಿ ಎಲ್ಲಿದೆ?

ಮುಖಗಳು, ಮಾತು, ಒಂದು ಕೋಣೆ ಇಷ್ಟೇ ಇದ್ದರೆ ಸಣ್ಣ ಪರದೆಯಲ್ಲಿ ಕಳೆದುಕೊಳ್ಳುವಂಥದ್ದು ಹೆಚ್ಚೇನಿರಲ್ಲ. ಕೋರ್ಟು, ತನಿಖೆ, ಮನೆಯೊಳಗಿನ ಜಗಳ, ಹಳೆಯ ಹಾಸ್ಯ ಚಿತ್ರಗಳು: ಇವನ್ನು ಕಣ್ಣು ಮುಚ್ಚಿಕೊಂಡು ಆರಿಸಿಕೊಳ್ಳಿ. ಬಾಹ್ಯಾಕಾಶ, ಯುದ್ಧ, ಮರುಭೂಮಿ ಇದ್ದರೆ ಮಾತ್ರ ಸ್ವಲ್ಪ ಯೋಚಿಸಿ.

ಬೋರ್ ಆದಾಗ 1.5 ವೇಗದಲ್ಲಿ ಓಡಿಸುತ್ತೇನೆ ಅಂತಲೂ ಬರೆದಿದ್ದೀರಿ. 2019ರಲ್ಲಿ ನೆಟ್‌ಫ್ಲಿಕ್ಸ್ ಈ ಸೌಲಭ್ಯವನ್ನು ಪರೀಕ್ಷಿಸಿದಾಗ ನಿರ್ದೇಶಕ ಜಡ್ ಅಪಟೋ ಥರದವರು ಸಿಡಿದೆದ್ದಿದ್ದರು. ನಾನು ಅಷ್ಟು ಕಟ್ಟುನಿಟ್ಟಿನವನಲ್ಲ. ಅಡುಗೆ ವಿಡಿಯೋ, ಮಾಹಿತಿ ಚಿತ್ರ, ರಿಯಾಲಿಟಿ ಶೋ ಯಾವುದನ್ನಾದರೂ ಓಡಿಸಿಕೊಳ್ಳಿ. ಕಥಾಚಿತ್ರದಲ್ಲಿ ಮಾತ್ರ ಬೇಡ. ಪ್ರಶ್ನೆ ಕೇಳಿಸಿಕೊಂಡು, ಉತ್ತರ ಕೊಡುವ ಮುಂಚೆ ನಟ ತಡೆಯುವ ಆ ಒಂದು ಕ್ಷಣವಿದೆಯಲ್ಲ, ನಟನೆ ಇರುವುದೇ ಅಲ್ಲಿ. ಅದನ್ನೂ ಓಡಿಸಿದರೆ ಉಳಿಯುವುದು ಬರೀ ಕಥೆಯ ಸಾರಾಂಶ. ಅಷ್ಟು ಬೇಸರವಾದರೆ ಪೂರ್ತಿ ನಿಲ್ಲಿಸಿಬಿಡಿ, ಅದೇ ವಾಸಿ.

ನಿಲ್ಲಿಸುವುದರಲ್ಲಿ ಪಾಪ ಏನೂ ಇಲ್ಲ. ಅರ್ಧ ಗಂಟೆ ಕೊಟ್ಟಿದ್ದೀರಿ, ಸಾಕು. ಆದರೆ ಆಮೇಲೆ ಯಾರಾದರೂ ಕೇಳಿದರೆ 'ಡಬ್ಬಾ ಸಿನಿಮಾ' ಅನ್ನುವ ಬದಲು 'ಅರ್ಧಕ್ಕೆ ಬಿಟ್ಟೆ' ಅನ್ನಿ.

ಸರಣಿಗಳ ವಿಷಯದಲ್ಲಿ ನಾನು ಇನ್ನೂ ನಿರ್ದಾಕ್ಷಿಣ್ಯ. 'ಮೊದಲ ಸೀಸನ್ ಹೇಗೋ ತಳ್ಳು, ಎರಡನೆಯದರಿಂದ ಸೂಪರ್' ಅನ್ನುವ ಗೆಳೆಯರು ಎಲ್ಲರಿಗೂ ಇರುತ್ತಾರೆ. ಎಂಟು ಹತ್ತು ಗಂಟೆ ತಳ್ಳಿದ ಮೇಲೆ ಚೆನ್ನಾಗಾಗುವುದಾದರೆ, ಆ ಎಂಟು ಹತ್ತು ಗಂಟೆಯಲ್ಲಿ ನಾಲ್ಕೈದು ಒಳ್ಳೆಯ ಸಿನಿಮಾ ನೋಡಿ ಮುಗಿಸಬಹುದು, ಅಲ್ವಾ? ಎರಡು ಎಪಿಸೋಡ್ ನೋಡಿ. ಮೂರನೆಯದಕ್ಕೆ ಕೈ ತಾನಾಗಿ ಹೋಗದಿದ್ದರೆ ಬೇರೆ ಏನಾದರೂ ಹಾಕಿ.